ಒಣ ಬಟ್ಟೆ ಝಾಡಿಸಿದ ವರ್ಷಗಳು

ಮದುವೆಯಾಗಿ ರಾಯಚೂರಿನಿಂದ ಹೈದರಾಬಾದಿಗೆ ಬಂದಾಗ ಅತ್ತೆ ನನಗೆ ವಹಿಸಿದ ಮೊದಲ ಕೆಲಸ, ಗಂಡನ ಕಾರ್ಖಾನೆ ಬಟ್ಟೆಗೆ ನೀರು ಹಾಕುವುದು. ನಾಚಾರಂನಲ್ಲಿ ನಮ್ಮ ಬಾಡಿಗೆ ಮನೆ. ಅವರ ಕಾರ್ಖಾನೆ ಸೈಕಲ್ಲಿನಲ್ಲಿ ಹೋಗುವಷ್ಟು ದೂರ. ಬಾಯ್ಲರಿನಿಂದ ಹೊರಡುವ ಹಬೆಯ ಪೈಪುಗಳ ಉಸ್ತುವಾರಿ ಅವರದು. ಬಿಸಿ ಹೊರಗೆ ಹೋಗದಿರಲೆಂದು ಆ ಪೈಪುಗಳ ಮೇಲೆ ದಪ್ಪನೆಯ ಬಿಳಿ ಮೆತ್ತಿಗೆ ಹಾಕಿರುತ್ತಿದ್ದರು. ಪೈಪು ಸೋರಿದರೆ ಅದನ್ನು ಬಡಿದು ಉದುರಿಸಿ, ರಿಪೇರಿ ಮಾಡಿ, ಮತ್ತೆ ಹೊಸದನ್ನು ಮೆತ್ತಬೇಕು. ಸಂಜೆ ಮನೆಗೆ ಬರುವಾಗ ಅವರ ಹುಬ್ಬು, ಮೀಸೆ, ಅಂಗಿಯ ಕಾಲರು ಎಲ್ಲ ಬೆಳ್ಳಗೆ. ಆ ಬಿಳಿ ಪುಡಿ ಕಲ್ನಾರು, ಜನ ಆಸ್ಬೆಸ್ಟಾಸ್ ಅನ್ನುತ್ತಾರಲ್ಲ ಅದು, ಎಂಬುದು ನಮಗೆ ಗೊತ್ತಿತ್ತು. ಅದು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಗೊತ್ತಿರಲಿಲ್ಲ.

ಅತ್ತೆಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮಡಿ ಒಂದೇ. ಲಿಂಗಪೂಜೆಯ ಮನೆಯೊಳಗೆ ಕಾರ್ಖಾನೆಯ ಬಟ್ಟೆ ಬರುವಂತಿರಲಿಲ್ಲ. ಮಗ ಹಿತ್ತಲ ಬಾಗಿಲಿನಿಂದ ಬರಬೇಕು, ಬಚ್ಚಲಲ್ಲೇ ಬಟ್ಟೆ ಬಿಚ್ಚಿ ಬಕೇಟಿಗೆ ಹಾಕಬೇಕು. ಅದು ಮುಳುಗುವಷ್ಟು ನೀರು ಹೊಯ್ದು ನೆನೆಸಿದ ಮೇಲೆ ಮಾತ್ರ ನಾನು ಮುಟ್ಟಿ ಒಗೆಯಬೇಕು. ಅತ್ತೆ ಅಡುಗೆಮನೆಯಿಂದಲೇ ವಿಚಾರಣೆ ನಡೆಸುತ್ತಿದ್ದರು.

"ನೀರು ಹಾಕಿದೇನ?"

"ಹಾಕೀನ್ರಿ."

"ಪೂರಾ ಮುಳಗ್ಯಾವೇನು ನೋಡು. ಒಣಾ ಇದ್ದಾಗ ಮುಟ್ಟಿದ್ರ ನೀನೂ ಮೈಲಿಗಿ."

ನಮ್ಮ ಬೀದಿಯ ನಲ್ಲಿಗಳಿಗೆ ಮಂಜೀರಾ ನದಿಯ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಅದರಲ್ಲಿ ದಿನಾ ಒಂದು ಬಕೇಟು ಈ ಮಡಿಗೆ. ಚಳಿಗಾಲದಲ್ಲಿ ನೀರಲ್ಲಿ ಅದ್ದಿ ಅದ್ದಿ ನನ್ನ ಬೆರಳ ಸಂದುಗಳು ಸೀಳಿ ಉರಿಯುತ್ತಿದ್ದವು. ಅತ್ತೆಯ ಮೇಲೆ ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ದೇವರಿಗೆ ನಿಮ್ಮ ಪ್ಯಾಂಟಿನ ಮೇಲೆ ಯಾಕಿಷ್ಟು ಕಣ್ಣು ಎಂದು ಗಂಡನ ಹತ್ತಿರ ಗೊಣಗಿದರೆ ಅವರು ನಕ್ಕುಬಿಡುತ್ತಿದ್ದರು. ತಾಯಿಗೆ ಎದುರಾಡುವ ಪೈಕಿ ಅಲ್ಲ ಅವರು.

ಅತ್ತೆ ತೀರಿಕೊಂಡರು. ಬಂದ ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಸಂಜೆ ನಾನು ಅಭ್ಯಾಸಬಲದಿಂದ ಬಕೇಟು ಹಿಡಿದು ನಿಂತಿದ್ದೆ. ಇವರು ಅದನ್ನು ನನ್ನ ಕೈಯಿಂದ ತೆಗೆದು ಕೆಳಗಿಟ್ಟರು.

"ಸಾಕಿನ್ನ. ನಿನ್ನ ಕೈ ನೋಡ್ಕೊ, ಹೆಂಗಾಗ್ಯಾವ. ಅವ್ವ ಇರೂತನಕ ನಡೀತು. ಇನ್ನ ಮ್ಯಾಲ ಝಾಡಿಸಿ ತೂಗ ಹಾಕು, ಎರಡ್ಮೂರು ದಿನಕ್ಕೊಮ್ಮಿ ಒಗದ್ರಾತು. ನೀರೂ ಉಳೀತೈತಿ."

ನನ್ನ ಮೇಲಿನ ಮಾಯೆ-ಮಮತೆಯಿಂದ ಆಡಿದ ಮಾತು ಅದು. ಅವರು ತಂದುಕೊಟ್ಟ ಯಾವ ಸೀರೆಗೂ ನಾನು ಅಷ್ಟು ಹಿಗ್ಗಿರಲಿಲ್ಲ. ಮರುದಿನದಿಂದ ಅವರ ಅಂಗಿ ಪ್ಯಾಂಟುಗಳನ್ನು ಹಿತ್ತಲ ಗೋಡೆಗೆ ಬಡಿದು ಝಾಡಿಸತೊಡಗಿದೆ. ಇಳಿಬಿಸಿಲಿನಲ್ಲಿ ಪುಡಿ ಮೇಲೆದ್ದು ನಿಧಾನಕ್ಕೆ ತೇಲುತ್ತಿತ್ತು. ನನಗೆ ಸೀನು ಹತ್ತುತ್ತಿತ್ತು.

"ಗಿರಣಿಯಾವನ್ನ ಮದುವಿ ಆದಂಗಾತ್ರಿ," ಎನ್ನುತ್ತಿದ್ದೆ.

"ಗಿರಣಿಯಾವ ಹಿಟ್ಟರ ಕೊಡ್ತಿದ್ದ," ಎನ್ನುತ್ತಿದ್ದರು ಅವರು. ಹೀಗೆ ನಗುನಗುತ್ತಲೇ ವರ್ಷಗಳು ಹೋದವು. ನಮಗೆ ಮಕ್ಕಳಾಗಲಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡೇ ಇದ್ದೆವು.

ತೆಲುಗು ರಾಜ್ಯ ಇನ್ನೂ ಎರಡಾಗದೆ ಒಂದೇ ಆಗಿದ್ದ ಕಾಲದಲ್ಲೇ, ಅವರ ನೌಕರಿಯ ಕೊನೆಯ ವರ್ಷಗಳಲ್ಲಿ, ಪೈಪುಗಳ ಹಳೇ ಮೆತ್ತಿಗೆಯನ್ನೆಲ್ಲ ತೆಗೆದುಹಾಕಬೇಕೆಂದು ಕಾರ್ಖಾನೆಯಲ್ಲಿ ತೀರ್ಮಾನವಾಯಿತು. ತೆಗೆಯುವ ಸರಿಯಾದ ರೀತಿ ಕಲಿಸಲು ಹೊರಗಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಆ ದಿನ ಇವರು ಮನೆಗೆ ಬಂದಾಗ ತಲೆ ಇನ್ನೂ ಒದ್ದೆ. ಅಲ್ಲೇ ಸ್ನಾನ ಮಾಡಿಸಿ ಕಳಿಸಿದ್ದರು. ಕೆಲಸದ ಬಟ್ಟೆ ಇನ್ನು ಮನೆಗೆ ತರುವಂತಿಲ್ಲವಂತೆ. ಚಹಾದ ಬಟ್ಟಲು ಹಿಡಿದು ಉತ್ಸಾಹದಿಂದ ಹೇಳುತ್ತ ಹೋದರು. ಸುತ್ತಲೂ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಗಿಡಕ್ಕೆ ಔಷಧಿ ಹೊಡೆಯುವಂಥ ಪಂಪಿನಲ್ಲಿ ತುಸು ಸಾಬೂನು ಬೆರೆಸಿದ ನೀರು ತುಂಬಬೇಕು. ರಭಸದಿಂದ ಹೊಡೆದರೆ ಪುಡಿ ಏಳುತ್ತದೆ, ಅದಕ್ಕೇ ತುಂತುರಾಗಿ ಹೊಡೆಯಬೇಕು. ಒಳಗಿನ ಪದರದವರೆಗೂ ನೆನೆಯಲು ಬಿಟ್ಟು ಆಮೇಲೆ ಕೊಯ್ಯಬೇಕು. ಒದ್ದೆ ಇದ್ದಾಗಲೇ ದಪ್ಪ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು.

"ಮೊದಲು ತೋಯಿಸಬೇಕಂತ. ಒಣಾ ಇದ್ದಾಗ ಮುಟ್ಟೂ ಹಂಗೇ ಇಲ್ಲಂತ. ಅದರ ಪುಡಿ ಉಸಿರಿನಾಗ ಹೋತಂದ್ರ ಫುಪ್ಪುಸಕ್ಕ ಚುಚ್ಚಿ ಕೂಡತೈತಂತ, ಜಲ್ಮ ಇರೂತನಕ..."

ಅವರು ನನ್ನನ್ನೇ ನೋಡುತ್ತಿದ್ದರು.

"ನೀ ಎಷ್ಟು ವರ್ಷ ಝಾಡಿಸಿದಿ?" ಎಂದರು.

"ಅದನ್ನ ಯಾರು ಲೆಕ್ಕ ಇಟ್ಟಾರ್ರಿ. ಚಹಾ ಆರಾಕತ್ತೈತಿ, ಕುಡೀರಿ."

ಕುಡಿಯಲಿಲ್ಲ. ಬಟ್ಟಲು ಕೆಳಗಿಟ್ಟು ಹಿತ್ತಲಿಗೆ ಹೋಗಿ ಆ ಗೋಡೆಯ ಮುಂದೆ ನಿಂತುಬಿಟ್ಟರು. "ಅವ್ವ ನಿನ್ನ ಕಾಯಾಕತ್ತಿದ್ಲು. ನಾ ಬಿಡಿಸಿದೆ," ಎಂದರು. ನಾನು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಅವರು ಬೇರೆಯೇ ಮನುಷ್ಯರಾದರು. ನಮ್ಮ ಬಚ್ಚಲಿಗೆ ಹಳೇ ಸಿಮೆಂಟ್ ಶೀಟಿನ ಛಾವಣಿ ಇತ್ತು, ಅದೂ ಕಲ್ನಾರಿನದೇ. ಮನೆಯ ಮಾಲೀಕರು ಅದನ್ನು ತೆಗೆಸಲು ಇಬ್ಬರು ಕೂಲಿಯವರನ್ನು ಕರೆತಂದರು. ಸುತ್ತಿಗೆ ಎತ್ತಿದ್ದೇ ತಡ, ಇವರು ಓಡಿಹೋಗಿ ಅಡ್ಡ ನಿಂತರು. ಅವರು ಯಾರ ಮೇಲಾದರೂ ದನಿ ಏರಿಸಿದ್ದನ್ನು ಕಂಡದ್ದು ಅಂದೇ. ನನ್ನನ್ನು ಬೀದಿಯ ಆಚೆ ಕಳಿಸಿ, ಕಾರ್ಖಾನೆಯಲ್ಲಿ ಕೊಟ್ಟಿದ್ದ ಮಾಸ್ಕನ್ನು ಮುಖಕ್ಕೆ ಬಿಗಿದುಕೊಂಡು, ಅಂಥದೇ ಒಂದು ಪಂಪು ಎರವಲು ತಂದು ಏಣಿ ಹತ್ತಿದರು. ಅಂದು ನಲ್ಲಿ ನೀರಿನ ದಿನವಲ್ಲ. ನಾನು ಜೋಪಾನವಾಗಿ ತುಂಬಿಟ್ಟಿದ್ದ ಡ್ರಮ್ಮಿನ ನೀರೆಲ್ಲ ಆ ಛಾವಣಿಗೆ ಹೋಯಿತು. ಮೇಲೂ ಕೆಳಗೂ ನೆನೆಸಿ, ಬೋಲ್ಟು ಸಡಿಲಿಸಿ, ಒಂದೊಂದು ಶೀಟನ್ನೂ ಮುರಿಯದಂತೆ ಇಡಿಯಾಗಿ ಇಳಿಸಿದರು. ಎಳೇ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದರು. ನೆಲವನ್ನು ಗುಡಿಸಗೊಡದೆ ಒದ್ದೆ ಅರಿವೆಯಿಂದ ಒರೆಸಿದರು. ಕೊನೆಯ ಶೀಟು ಕೆಳಗೆ ಬಂದಾಗ ಅವರು ಏಣಿಯ ಬುಡದಲ್ಲೇ ಕುಸಿದು ಕೂತರು. ಉಸಿರು ಎಳೆದರೆ ಅರ್ಧಕ್ಕೇ ನಿಲ್ಲುತ್ತಿತ್ತು. ವಯಸ್ಸಾಯಿತು, ಏಣಿ ಹತ್ತಿದರೆ ಇನ್ನೇನಾಗುತ್ತದೆ ಎಂದು ಬೈದೆ.

ಎದೆರೋಗದ ಆಸ್ಪತ್ರೆಯಲ್ಲಿ ಅವರ ಫುಪ್ಪುಸ ಕಲ್ನಾರಿನಿಂದ ಗಟ್ಟಿಯಾಗಿದೆ ಎಂದರು. ಗುಣವಾಗುವ ಕಾಯಿಲೆ ಅಲ್ಲವೆಂದೂ ಹೇಳಿದರು. ಇವರು ಅದನ್ನು ಬಸ್ಸಿನ ವೇಳೆ ಕೇಳಿದಷ್ಟು ತಣ್ಣಗೆ ಕೇಳಿಸಿಕೊಂಡು, ನನ್ನ ಎದೆಯ ಚಿತ್ರವನ್ನೂ ತೆಗೆಯಿರಿ ಎಂದು ಹಠ ಹಿಡಿದರು. ನನಗೆ ಆಗಲೇ ಕೆಲವು ತಿಂಗಳಿಂದ ಒಣಕೆಮ್ಮು ಇತ್ತು. ಒಗ್ಗರಣೆ ಘಾಟು ಎಂದು ಸಾಗಹಾಕುತ್ತಿದ್ದೆ. ಅವರಿಗೆ ತಮ್ಮ ಜೀವದ ಚಿಂತೆ ಇರಲಿಲ್ಲ, ನನ್ನ ಎದೆಯೊಳಗೆ ಏನಿದೆ ಎಂಬುದೊಂದೇ ಚಿಂತೆ. ವಾರಗಟ್ಟಲೆ ಸರಿಯಾಗಿ ಉಣ್ಣಲಿಲ್ಲ.

ಚಿತ್ರ ನೋಡುವ ದಿನ ಅವರಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಕೆಳಗೆ ಬೆಂಚಿನ ಮೇಲೆ ಕೂತರು, ಮೇಲೆ ನಾನೊಬ್ಬಳೇ ಹೋದೆ. ವಯಸ್ಸಾದ ಡಾಕ್ಟರಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ಮೀಕು ಕೂಡಾ ಉಂದಮ್ಮಾ." ನಿಮಗೂ ಇದೆಯಮ್ಮ. ಅವರಷ್ಟು ಆಗಿಲ್ಲ, ನಿಧಾನಕ್ಕೆ ಬೆಳೆಯುತ್ತದೆ, ತಪ್ಪದೆ ತೋರಿಸಿಕೊಳ್ಳುತ್ತಿರಿ ಎಂದರು.

ನನಗೆ ಹೆದರಿಕೆಯಾಯಿತು. ಆದರೆ ಮೆಟ್ಟಿಲು ಇಳಿಯುವಾಗ ಕಣ್ಣ ಮುಂದೆ ಇದ್ದದ್ದು ಕೆಳಗೆ ಕತ್ತು ಎತ್ತಿ ಕಾಯುತ್ತಿದ್ದ ಆ ಮುಖ.

"ಏನೂ ಇಲ್ಲಂತ್ರಿ. ಸ್ವಚ್ಛ ಐತಂತ," ಎಂದೆ.

"ಖರೇನ?"

"ಖರೇನ್ರಿ. ಸುಮ್ಮನ ಹೆದರಿ ನನ್ನ ಅರ್ಧಾ ದಿನ ಹಾಳ ಮಾಡಿದ್ರಿ."

ಅವರು ಅಷ್ಟು ಜನರ ನಡುವೆ ನನ್ನ ಕೈ ಹಿಡಿದುಕೊಂಡು ಅತ್ತರು. ಮನೆಗೆ ಬಂದು ಎರಡು ರೊಟ್ಟಿ ತಿಂದರು. ಆಮೇಲೆ ಮನೆಗೆ ಯಾರೇ ಬಂದರೂ, ಮಾತಾಡಲು ಉಸಿರಿಲ್ಲದಿದ್ದರೂ, ಅದೇ ಸುದ್ದಿ. "ನಮ್ಮಾಕಿಗೆ ಏನೂ ಇಲ್ರಿ. ಡಾಕ್ಟರು ಸ್ವಚ್ಛ ಐತಿ ಅಂದಾರ."

ಹಾಗಾಗಿ ನಾನು ಕೆಮ್ಮುವಂತಿರಲಿಲ್ಲ. ಕೆಮ್ಮು ಬಂತೆಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಬೀದಿಯ ತಿರುವಿನವರೆಗೆ ಓಡುತ್ತಿದ್ದೆ. ತಡೆದದ್ದನ್ನೆಲ್ಲ ಅಲ್ಲಿ ಕೆಮ್ಮಿ, ಕಣ್ಣು ಒರೆಸಿಕೊಂಡು ಬರುತ್ತಿದ್ದೆ. ಪಕ್ಕದ ಮನೆಯಾಕೆಯ ಜೊತೆ ಹರಟೆಗೆ ಹೋಗಿದ್ದೆನೆಂದು ಅವರ ಎಣಿಕೆ.

"ಎಷ್ಟು ಮಾತಾಡ್ತಿ. ನನ್ನ ಹಂತ್ಯಾಕ ಒಂದೀಟು ಕೂಡಬಾರದ?" ಎನ್ನುತ್ತಿದ್ದರು. ಹತ್ತಿರ ಕೂತುಕೊಳ್ಳಲು ನನಗೆಷ್ಟು ಆಸೆಯಿತ್ತು ಎಂದು ಅವರಿಗೆ ಹೇಗೆ ಹೇಳಲಿ. ಇದ್ದ ಕೊನೆಯ ತಿಂಗಳುಗಳನ್ನು ನಾನು ಹೀಗೆ ಬೀದಿಯಲ್ಲಿ ಕಳೆದೆ.

ಒಂದು ಮುಂಜಾನೆ ಅವರು ಹೋದರು. ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚಿದರು. ಹೆಂಗಸರು ನನ್ನನ್ನು ಹಿಡಿದು ತಂದು ಅವರ ಪಕ್ಕಕ್ಕೆ ಕೂಡಿಸಿದರು. ಎಲ್ಲರೂ ನನ್ನ ಅಳುವಿಗೆ ಕಾಯುತ್ತಿದ್ದರು. ಬಂದದ್ದು ಕೆಮ್ಮು. ಎದ್ದು ಹೊರಗೆ ಹೋಗಲು ನೆಲಕ್ಕೆ ಕೈ ಊರಿದೆ. ಇನ್ನು ಯಾಕೆ ಏಳಬೇಕು ಎನ್ನಿಸಿತು. ಅಲ್ಲೇ, ಅವರ ಭುಜಕ್ಕೆ ಭುಜ ತಾಗಿಸಿ ಕೂತು, ಸೆರಗು ಅಡ್ಡ ಹಿಡಿಯದೆ, ಅವರಿಗೆ ಕೇಳಿಸುವಷ್ಟು ದೊಡ್ಡದಾಗಿ ಕೆಮ್ಮಿದೆ.