ಮಾವನ ಎರಡನೇ ಡೋಸು ಮತ್ತು ಆಟಿ ಪಾಯಸ

ನನ್ನ ಸೋದರಮಾವನ ಹಿಮ್ಮಡಿಯ ಕೆಳಗಿದ್ದ ಕಪ್ಪು ಚುಕ್ಕೆಯನ್ನು ಕೊಡಗಿನ ಮಾದಾಪುರದ ಸುತ್ತಮುತ್ತ ಅರ್ಧ ಊರೇ ನೋಡಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ: ಹಾಲುವಾಣದ ಮುಳ್ಳು. ಕಾಫಿಗೆ ನೆರಳಾಗಲೆಂದು ತೋಟದಲ್ಲಿ ಬೆಳೆಸುವ ಆ ಮರದ ಮುಳ್ಳು ಚಪ್ಪಲಿಯನ್ನೂ ತೂರಿ ಬರುತ್ತದೆ. ಒಳಗೆ ಮುರಿದುಕೊಂಡರೆ ಕಪ್ಪಗೆ ಕೂತುಬಿಡುತ್ತದೆ. ಮಾವ ಸೂಜಿ ಹಿಡಿದು ಕೆದಕಿದರು, ಸಿಗಲಿಲ್ಲ. "ಆಳಕ್ಕೆ ಹೋಗಿದೆ" ಎಂದರು. ಸಿಗದೇ ಇರುವುದಕ್ಕೆ ಅಲ್ಲಿ ಮುಳ್ಳೇ ಇಲ್ಲ ಎನ್ನುವುದೂ ಒಂದು ಕಾರಣ ಆಗಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಸಂದುಗಳಲ್ಲೇ ಎದುರಾಳಿಯನ್ನು ಹಿಡಿದು ಕಪ್ ಗೆದ್ದುಕೊಂಡು ಬರುತ್ತಿದ್ದ ನನಗೂ ಹೊಳೆಯಲಿಲ್ಲ.

ಅದು ಮೆಲನೋಮ. ಚರ್ಮದ ಕ್ಯಾನ್ಸರುಗಳಲ್ಲೇ ಪುಂಡು ಜಾತಿಯದು. ನಮ್ಮ ಮೈಬಣ್ಣದವರಿಗೆ ಬರುವುದು ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲಿಗೋ ಅಂಗೈಗೋ ಉಗುರಿನಡಿಗೋ ಬರುತ್ತದೆ. ಮೈಸೂರಿನ ಆಸ್ಪತ್ರೆಯಲ್ಲಿ ಅದರ ಹೆಸರು ಗೊತ್ತಾಗುವ ಹೊತ್ತಿಗೆ ಹಿಮ್ಮಡಿಯಿಂದ ತೊಡೆಸಂದಿಗೆ ಏರಿ, ಶ್ವಾಸಕೋಶದಲ್ಲೂ ಜಾಗ ಹಿಡಿದಿತ್ತು. ಕತ್ತರಿಸಿ ತೆಗೆದು ಮುಗಿಸುವ ಕಾಲ ದಾಟಿತ್ತು.

ಅಲ್ಲಿನ ಡಾಕ್ಟರು ಬಯಲುಸೀಮೆಯ ಕಡೆಯ ಹೆಂಗಸು, ನನಗಿಂತ ಸ್ವಲ್ಪವೇ ದೊಡ್ಡವರು. ಸುತ್ತಿ ಬಳಸಿ ಮಾತಾಡುವವರಲ್ಲ. ಮೈಯನ್ನು ಕಾಯುವ ಜೀವಕೋಶಗಳು ನಮ್ಮನ್ನೇ ಕಚ್ಚದಿರಲಿ ಅಂತ ಅವಕ್ಕೆ ಬ್ರೇಕುಗಳಿವೆ, ಕ್ಯಾನ್ಸರು ಆ ಬ್ರೇಕನ್ನು ಒತ್ತಿಹಿಡಿದು ತಾನು ಆರಾಮಾಗಿ ಕೂತಿರುತ್ತದೆ ಎಂದು ವಿವರಿಸಿದರು. ಲ್ಯಾಬಿನಲ್ಲಿ ತಯಾರಿಸಿದ ಎರಡು ಪ್ರತಿಕಾಯಗಳಿವೆ, ಒಂದೊಂದು ಒಂದೊಂದು ಬ್ರೇಕನ್ನು ಬಿಡಿಸುತ್ತದೆ. ಒಂದು, ಕಾವಲು ಕೋಶಗಳು ತಯಾರಾಗಿ ಹೊರಡುವಲ್ಲಿ ಕೆಲಸ ಮಾಡುತ್ತದೆ. ಇನ್ನೊಂದು, ಅವು ಗಡ್ಡೆಯ ಹತ್ತಿರ ಹೋಗಿ ನಿಂತು ಸುಮ್ಮನಾಗಿಬಿಡುವಲ್ಲಿ.

"ಒಂದನ್ನೇ ಕೊಡಬಹುದು. ಎರಡೂ ಸೇರಿಸಿ ಕೊಟ್ಟರೆ ಗಡ್ಡೆ ಕುಗ್ಗುವ ಸಂಭವ ಹೆಚ್ಚು. ತೊಂದರೆಯ ಸಂಭವವೂ ಹೆಚ್ಚು. ಕರುಳು, ಲಿವರು, ಥೈರಾಯ್ಡ್, ಕಿಡ್ನಿ, ಯಾವುದರ ಮೇಲೆ ಬೇಕಾದರೂ ನಿಮ್ಮ ಕಾವಲಿನವರೇ ತಿರುಗಿ ಬೀಳಬಹುದು. ಅಂಗಾಲಿನ ಜಾತಿ ಬೇರೆಯದರಷ್ಟು ಸುಲಭಕ್ಕೆ ಬಗ್ಗಲ್ಲ, ಅದನ್ನೂ ಈಗಲೇ ಹೇಳಿಬಿಡ್ತೀನಿ."

ಮಾವ ಎಲ್ಲ ಕೇಳಿಸಿಕೊಂಡು, "ಅಂದ್ರೆ ಡಾಕ್ಟ್ರೇ, ಹ್ಯಾಂಡ್ ಬ್ರೇಕೂ ಬಿಟ್ಟು, ಕಾಲಿನ ಬ್ರೇಕೂ ಬಿಟ್ಟು, ಇಳಿಜಾರಲ್ಲಿ ಜೀಪ್ ಬಿಡೋದು" ಎಂದರು.

"ಬಿಡೋದು. ಸ್ಟಿಯರಿಂಗ್ ಹಿಡಿದು ನಾವು ಪಕ್ಕದಲ್ಲೇ ಕೂತಿರ್ತೀವಿ."

ಮದ್ದುಗಳ ಹೆಸರು ಇಪಿಲಿಮುಮ್ಯಾಬ್, ನಿವೊಲುಮ್ಯಾಬ್. ಮಾವ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಎರಡರ ಕೊನೆಗೂ ಮ್ಯಾಬ್ ಉಂಟಲ್ಲ, ಮನೆ ಹೆಸರಾ? ಹಾಗಾದ್ರೆ ಅಣ್ಣ ತಮ್ಮ" ಎಂದು ತೀರ್ಮಾನ ಕೊಟ್ಟರು.

ಒಂದೋ ಎರಡೋ ಎನ್ನುವುದನ್ನು ಮಾದಾಪುರದ ಮನೆಯ ಜಗಲಿಯಲ್ಲಿ ಚರ್ಚೆಗಿಟ್ಟೆವು. ಎರಡೂ ಕಡೆಯಿಂದ ವಾದಿಸಲು ಇದ್ದವಳು ನಾನೊಬ್ಬಳೇ. ಮೊದಲು ಒಂದರ ಪರವಾಗಿ ಎದ್ದು ನಿಂತು ಅತ್ತೆಯ ಕಣ್ಣಲ್ಲಿ ನೀರು ತರಿಸಿದೆ. ಆಮೇಲೆ ಎರಡರ ಪರ ವಾದಿಸಿ ನಾನು ಮೊದಲು ಹೇಳಿದ್ದನ್ನೆಲ್ಲ ನಾನೇ ಕೆಡವಿದೆ. ಅತ್ತೆಗೆ ಸಿಟ್ಟು ಬಂತು. "ನಿಂಗೆ ನಾಲಗೆ ಒಂದೇನಾ ಎರಡಾ?" ಎಂದರು. ಮಾವ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟರು: "ಎರಡೂ ತಗೊಳ್ತೇನೆ. ಒಂದನ್ನ ತಗೊಂಡು, ಇನ್ನೊಂದನ್ನ ತಗೊಂಡಿದ್ರೆ ಅಂತ ಈ ಜಗಲಿಯಲ್ಲಿ ಕೂತು ಯೋಚನೆ ಮಾಡೋದು ನನ್ನಿಂದ ಆಗಲ್ಲ."

ಮೊದಲ ಡೋಸು ಮುಗಿದು ಮೈಯೆಲ್ಲ ತುರಿಕೆ ಎದ್ದಿತು, ಅಷ್ಟೇ. ಎರಡನೆಯದಕ್ಕೆ ಆಸ್ಪತ್ರೆಯವರು ಕೊಟ್ಟ ದಿನ ಆಟಿ ಹದಿನೆಂಟರ ಮಾರನೆಯ ದಿನವಾಗಿತ್ತು.

ನಮ್ಮಲ್ಲಿ ಜೋರು ಮಳೆಯ ಆಟಿ ತಿಂಗಳ ಹದಿನೆಂಟರಂದು ತೋಟದ ಅಂಚಿನಲ್ಲಿ ಬೆಳೆಯುವ ಒಂದು ಸೊಪ್ಪನ್ನು ತಂದು ಕುದಿಸುತ್ತಾರೆ. ನೀರು ಶಾಯಿಯ ಹಾಗೆ ನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ. ಅವತ್ತಿನ ಮಟ್ಟಿಗೆ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಬಂದು ಸೇರುತ್ತವೆ ಎಂದು ನಂಬಿಕೆ. ತಿಂದ ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಅದು ಸಾಕ್ಷಿ. ಬೆಳಿಗ್ಗೆ ಎದ್ದವರು ಒಬ್ಬರಿಗೊಬ್ಬರು ಸಂಕೋಚವಿಲ್ಲದೆ "ಕೆಂಪು ಬಂತಾ?" ಎಂದು ಕೇಳುವ ದಿನ ವರ್ಷಕ್ಕೆ ಅದೊಂದೇ.

ನಾನು ಹೈಸ್ಕೂಲಿನಿಂದಲೂ ಆ ಪಾಯಸ ಬಿಟ್ಟವಳು. ಹದಿನೇಳರಂದು ಆ ಮದ್ದುಗಳು ಎಲ್ಲಿರುತ್ತವೆ, ಹತ್ತೊಂಬತ್ತರಂದು ಎಲ್ಲಿಗೆ ಹೋಗುತ್ತವೆ ಎಂದು ಪ್ರತಿವರ್ಷ ಕೇಳುತ್ತಿದ್ದೆ, ಪ್ರತಿವರ್ಷ ನನ್ನ ಪಾಲನ್ನು ಬೇರೆಯವರು ತಿನ್ನುತ್ತಿದ್ದರು. ಈ ಸಲ ನನ್ನ ಪ್ರಶ್ನೆ ಬೇರೆ ಇತ್ತು.

"ಅತ್ತೆ, ಮಾವನಿಗೆ ಬೇಡ. ನಾಟಿ ಮದ್ದು ಎಂತದೂ ತಗೋಬೇಡಿ ಅಂತ ಡಾಕ್ಟರು ಹೇಳಿದ್ದಾರೆ."

"ಯಾರು ಮದ್ದು ಕೊಟ್ಟದ್ದು? ಇದು ಪಾಯಸ."

"ಅದರಲ್ಲಿ ಹದಿನೆಂಟು ಮದ್ದು ಉಂಟು ಅಂತ ನೀವೇ ಹೇಳೋದು."

"ನೀನು ಇಲ್ಲ ಅಂತಲ್ವಾ ಹೇಳೋದು? ಇಲ್ಲ ಅಂದ್ಮೇಲೆ ತಿಂದರೆ ನಿಂಗೆಂತ ತೊಂದರೆ?"

ಇಷ್ಟು ವರ್ಷದ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಇಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ಕಟ್ಟಿಹಾಕಿರಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಮಾವ ಎರಡನೇ ಬಟ್ಟಲು ಮುಗಿಸಿದ್ದರು.

ಮಾರನೆಯ ಬೆಳಿಗ್ಗೆ ಬೇಗ ಹೊರಟು ಕುಶಾಲನಗರದಲ್ಲಿ ಇಡ್ಲಿ ತಿಂದು ಮೈಸೂರು ತಲುಪಿದೆವು. ಡೋಸ್ ಕೊಡುವ ವಾರ್ಡಿನಲ್ಲಿ ಸಿಸ್ಟರ್ ಪ್ರಶ್ನೆಗಳನ್ನು ಕೇಳತೊಡಗಿದರು.

"ಭೇದಿ?"

"ಇಲ್ಲ."

"ಕೆಮ್ಮು, ಉಬ್ಬಸ?"

"ಇಲ್ಲ."

"ನಾಟಿ ಔಷಧಿ ಏನಾದ್ರೂ?"

"ಛೇ, ಇಲ್ಲ" ಎಂದರು ಮಾವ, ಅತ್ತೆ ಇಬ್ಬರೂ ಒಟ್ಟಿಗೆ. ಸುಳ್ಳು ಹೇಳುವವರ ಮುಖವಲ್ಲ ಅದು. ಮೊನ್ನೆ ದೋಸೆ ತಿಂದದ್ದನ್ನು ಯಾರಾದರೂ ಔಷಧಿ ಎಂದು ಹೇಳುತ್ತಾರಾ? ಹಾಗೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸಿಸ್ಟರ್ ಮುಂದಿನದಕ್ಕೆ ಹೋಗಿಯಾಗಿತ್ತು.

"ಮೂತ್ರದ ಬಣ್ಣ?"

"ಕೆಂಪು" ಎಂದರು ಮಾವ ಮುಖ ಅರಳಿಸಿ. "ಈ ಸಲ ಭಾರಿ ಚೆನ್ನಾಗಿ ಬಂದಿದೆ."

ಸಿಸ್ಟರ್ ಪೆನ್ನು ನಿಂತಿತು. ಸ್ವಲ್ಪ ಹೊತ್ತಿಗೆ ಡಾಕ್ಟರೇ ಬಂದರು. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ, ಕಿಡ್ನಿಗೆ ಪೆಟ್ಟಾಗಿದ್ದರೆ, ಇವತ್ತಿನ ಡೋಸು ಇಲ್ಲ ಎಂದರು. ಬಹುಶಃ ಮುಂದಿನದೂ ಇಲ್ಲ. ಸ್ಟಿರಾಯ್ಡ್ ಕೊಟ್ಟು, ಬಿಟ್ಟ ಬ್ರೇಕುಗಳನ್ನು ಮತ್ತೆ ಒತ್ತಬೇಕಾಗುತ್ತದೆ. ಮಾವನ ಮುಖದ ನಗು ಮೆಲ್ಲಗೆ ಇಳಿಯಿತು.

ಆಗ ಎದ್ದು ನಿಂತವಳು ನಾನು. ವರ್ಷಗಟ್ಟಲೆ ಆ ಸೊಪ್ಪನ್ನು ಹೀಯಾಳಿಸಿದ ನಾಲಗೆಯಿಂದಲೇ ಅದರ ಪರ ವಕಾಲತ್ತು ಮಾಡಿದೆ. ಆಟಿ ಎಂದೆ, ಹದಿನೆಂಟು ಎಂದೆ, ಇಡೀ ಕೊಡಗಿನಲ್ಲಿ ಇವತ್ತು ಬೆಳಿಗ್ಗೆ ಇದೇ ಬಣ್ಣ ಎಂದೆ. ಅತ್ತೆ ಚೀಲದಿಂದ ಸ್ಟೀಲ್ ಡಬ್ಬ ತೆಗೆದು ಮುಚ್ಚಳ ಬಿಚ್ಚಿದರು. ಡಾಕ್ಟರಿಗೆಂದೇ ತಂದಿದ್ದ ಪಾಯಸ. ಡಾಕ್ಟರು ಆ ನೇರಳೆಯನ್ನು ನೋಡಿದರು, ಅತ್ತೆಯನ್ನು ನೋಡಿದರು.

"ನೀವೂ ತಿಂದಿರಾ?"

"ತಿನ್ನದೆ?"

"ಹಾಗಾದ್ರೆ ನಿಮ್ಮದೂ ಒಂದು ಸ್ಯಾಂಪಲ್ ಕೊಡಿ."

"ಅಯ್ಯೋ, ನಂದ್ಯಾಕೆ ಡಾಕ್ಟ್ರಮ್ಮ? ನಂಗೆಂತ ಆಗಿದೆ?"

"ಕೊಡಿ ಅತ್ತೆ, ನೀವು ಸಾಕ್ಷಿ" ಎಂದು ಅವರನ್ನು ಬಚ್ಚಲಿಗೆ ತಳ್ಳಿದೆ. ಪಾಯಸ ಮುಟ್ಟದ ನಾನೂ ಒಂದು ಬಾಟಲಿ ತುಂಬಿಸಿದೆ. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು: ಮಾವನದು ಕೆಂಪು, ಅತ್ತೆಯದು ಕೆಂಪು, ನನ್ನದು ತಿಳಿಹಳದಿ. ನನ್ನ ಜೀವನದಲ್ಲಿ ಇದಕ್ಕಿಂತ ಒಳ್ಳೆಯ ಪುರಾವೆಯನ್ನು ಯಾವ ವೇದಿಕೆಯ ಮೇಲೂ ಮಂಡಿಸಿಲ್ಲ. ಎದೆ ಉಬ್ಬಿಸಿ ಡಾಕ್ಟರ ಕಡೆ ತಿರುಗಿದೆ.

"ಚೆನ್ನಾಗಿದೆ" ಎಂದರು ಅವರು. "ಸೊಪ್ಪು ತಿಂದರೆ ಕೆಂಪಾಗುತ್ತೆ ಅಂತ ಒಪ್ಪಿದೆ. ಆದರೆ ನಿಮ್ಮ ಮಾವನದರಲ್ಲಿ ಸೊಪ್ಪಿನ ಜೊತೆಗೆ ರಕ್ತವೂ ಇಲ್ಲ ಅಂತ ಇದರಿಂದ ಹೇಗೆ ಗೊತ್ತಾಗುತ್ತೆ? ಸೊಪ್ಪಿನ ಕೆಂಪಿನ ಹಿಂದೆ ರಕ್ತದ ಕೆಂಪು ಅಡಗಿ ಕೂತಿದ್ದರೆ?"

ನಾನು ಕೂತುಕೊಂಡೆ. ಸೋತದ್ದು ನಿಜ, ಆದರೆ ಮಾವನ ಜೀವ ಇಂಥವರ ಕೈಯಲ್ಲಿದೆ ಎಂದು ಒಳಗೊಳಗೇ ಖುಷಿಯೂ ಆಯಿತು. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರಕ್ತ ತೆಗೆದು ಕಿಡ್ನಿ ಹೇಗಿದೆ ಎಂದು ಪರೀಕ್ಷಿಸಬೇಕು, ಅಲ್ಲಿವರೆಗೆ ಕಾಯಿರಿ ಎಂದು ಅವರು ಹೊರಟರು.

ಅತ್ತೆ ಕ್ಯಾಂಟೀನಿಗೆ ಹೋದಾಗ ಮಾವ ಬೆಂಚಿನ ಮೇಲೆ ನನ್ನ ಹತ್ತಿರ ಸರಿದರು.

"ಒಂದು ವಿಷಯ ಹೇಳ್ತೇನೆ, ಅತ್ತೆಗೆ ಹೇಳ್ಬೇಡ. ದಿನಾ ಸ್ನಾನ ಮಾಡುವಾಗ ಆ ತೊಡೆಸಂದಿನ ಗಡ್ಡೆ ಮುಟ್ಟಿ ನೋಡ್ತೇನೆ. ಈ ವಾರ ಸ್ವಲ್ಪ ಮೆತ್ತಗಾದ ಹಾಗೆ ಉಂಟು ಮಾರಾಯ್ತಿ. ಈಗ ನಿಲ್ಲಿಸಿಬಿಟ್ರೆ?"

ಬೆರಳು ಅಳತೆಗೋಲಲ್ಲ, ಬೇಕು ಎಂದುಕೊಂಡವನಿಗೆ ಎಲ್ಲವೂ ಮೆತ್ತಗೆ ಕಾಣುತ್ತದೆ, ಮೊದಲ ಡೋಸಿಗೇ ಏನೂ ಹೇಳಲಾಗದು. ಮೂರೂ ಮಾತು ನಾಲಗೆಯ ತುದಿಗೆ ಬಂದವು. ಮಾವನ ಕೈ ಹಿಡಿದುಕೊಂಡೆ. ಕಾಫಿ ಗಿಡದ ಬೇಡದ ಚಿಗುರು ತೆಗೆದು ತೆಗೆದು ದೊರಗಾದ ಕೈ.

"ಎಂತ, ಲಾಯರಮ್ಮ ಸುಮ್ಮನಾದ್ಲು? ಭಯ ಆಗ್ತದೆ, ಎಂತಾದ್ರೂ ಜಗಳ ತೆಗಿ" ಎಂದರು.

ಹಾಗಾಗಿ ಕಾಫಿಯಲ್ಲಿ ರೊಬಸ್ಟಾ ಒಳ್ಳೆಯದೋ ಅರೇಬಿಕಾ ಒಳ್ಳೆಯದೋ ಎಂದು ಜಗಳ ತೆಗೆದೆ. ಮಾವ ಅರೇಬಿಕಾದವರು. ನಾನು ರೊಬಸ್ಟಾ ಕಡೆ ನಿಂತು ಬೇಕೆಂದೇ ತಪ್ಪು ತಪ್ಪು ವಾದಿಸಿದೆ. ಅರೇಬಿಕಾವನ್ನೇ ಹುಡುಕಿ ಕೊರೆಯುವ ಕಾಂಡಕೊರಕ ಹುಳದ ವಿಷಯ ಬರುವಾಗ ಮಾವನ ದನಿ ಎಷ್ಟು ಏರಿತ್ತೆಂದರೆ, ಡಾಕ್ಟರು ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ರಕ್ತಕಣ ಒಂದೂ ಇಲ್ಲ. ಕಿಡ್ನಿಯೂ ಸರಿಯಾಗಿದೆ. ಬರೀ ಬಣ್ಣ" ಎಂದರು. "ಬನ್ನಿ, ಡೋಸು ಶುರು ಮಾಡೋಣ."

ಆಗ ಅತ್ತೆಗೆ ಸಿಕ್ಕ ಬೈಗುಳ ಸಣ್ಣದಲ್ಲ. ಇನ್ನು ಮುಂದೆ ಚಿಕಿತ್ಸೆ ಮುಗಿಯುವವರೆಗೆ ಆ ಸೊಪ್ಪು ಮಾವನಿಗೆ ಬೇಡ. ಅದರಲ್ಲಿ ಏನಿದೆ, ಈ ಮದ್ದುಗಳ ಜೊತೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ತನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಒಳ್ಳೆಯದು ಎಂದು ತಾನು ಹೇಳುವುದಿಲ್ಲ ಎಂದರು. ಸಿಸ್ಟರ್ ಕಡೆ ತಿರುಗಿ, "ಇನ್ಮೇಲೆ ಕೊಡಗಿನವರಿಗೆ ಔಷಧಿ ತಗೊಂಡಿರಾ ಅಂತ ಮಾತ್ರ ಕೇಳಬೇಡಿ, ನಿನ್ನೆ ಮನೇಲಿ ಏನು ವಿಶೇಷ ಅಂತಾನೂ ಕೇಳಿ" ಎಂದರು. ಆಮೇಲೆ ದನಿ ತಗ್ಗಿಸಿ ಅತ್ತೆಗೆ, "ಡಬ್ಬ ಇಲ್ಲೇ ಬಿಟ್ಟು ಹೋಗಿ. ಇವತ್ತು ನನ್ನ ಡ್ಯೂಟಿ ಮುಗೀಲಿ" ಎಂದರು.

ಸಲೈನಿನ ಕಂಬಕ್ಕೆ ಮೊದಲು ಒಂದು ಚೀಲ ಏರಿತು, ಅದು ಖಾಲಿಯಾದ ಮೇಲೆ ಇನ್ನೊಂದು. ಮಾವ ಹನಿಗಳನ್ನು ನೋಡುತ್ತಾ, "ಅಣ್ಣ ಬಂದ, ತಮ್ಮ ಬಂದ" ಎಂದು ಪಕ್ಕದ ಹಾಸಿಗೆಯವರಿಗೆ ಪರಿಚಯ ಮಾಡಿಕೊಡುತ್ತಿದ್ದರು.

ಮೂರನೆಯ ಡೋಸಾದ ಮೇಲೆ ಭೇದಿ ಹಿಡಿದು ವಾರವಿಡೀ ಆಸ್ಪತ್ರೆಯಲ್ಲಿ ಇರಬೇಕಾಯಿತು. ಸ್ಟಿರಾಯ್ಡೂ ಆಯಿತು. ಎರಡನ್ನೂ ಸೇರಿಸಿ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿದರು. ಸುಧಾರಿಸಿದ ಮೇಲೆ ಒಂದನ್ನು ಮಾತ್ರ ಮುಂದುವರಿಸಿದರು. ವರ್ಷದ ಕೊನೆಗೆ, ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೊತ್ತಿಗೆ, ಸ್ಕ್ಯಾನಿನ ವರದಿ ಬಂತು. ತೊಡೆಸಂದಿನದು ಅರ್ಧಕ್ಕಿಂತ ಚಿಕ್ಕದಾಗಿತ್ತು. ಶ್ವಾಸಕೋಶದ್ದು ಹುಡುಕಿದರೆ ಮಾತ್ರ ಸಿಗುವಷ್ಟಿತ್ತು. ಹೋಗಿಲ್ಲ, ಕಣ್ಣಿಟ್ಟಿರಬೇಕು ಎಂದರು ಡಾಕ್ಟರು. ಆದರೆ ಹೇಳುವಾಗ ಅವರು ನಗುತ್ತಿದ್ದರು.

ಆ ಸಂಜೆ ಜಗಲಿಯಲ್ಲಿ ಅತ್ತೆ, ಎರಡು ಬಟ್ಟಲು ಪಾಯಸದ ಪಾಲೂ ಇದರಲ್ಲಿ ಉಂಟು ಎಂದರು. ನಾನು ಬಿಡುತ್ತೇನಾ? ಪಾಯಸ ತಿನ್ನದೆ ಇದೇ ಮದ್ದು ತಗೊಂಡ ಇನ್ನೊಬ್ಬರನ್ನು ಪಕ್ಕದಲ್ಲಿಟ್ಟು ನೋಡದೆ ಹಾಗೆ ಹೇಳುವ ಹಾಗಿಲ್ಲ ಎಂದೆ. ಅಣ್ಣ ಕೆಲಸ ಮಾಡಿದನೋ ತಮ್ಮನೋ ಎನ್ನುವುದನ್ನೂ ಈ ಒಂದು ಮೈಯಿಂದ ಬಿಡಿಸಿ ಹೇಳಲಾಗದು ಎಂದೆ.

ಮಾವ ಗಂಬೂಟು ಹಾಕಿಕೊಳ್ಳುತ್ತಿದ್ದರು. ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಇಬ್ಬನಿ ಬೀಳುವ ಮೊದಲು ಗುಡ್ಡೆ ಮಾಡಿ ಮುಚ್ಚಬೇಕಿತ್ತು.

"ಪಕ್ಕದಲ್ಲಿಟ್ಟು ನೋಡೋಕೆ ನಿಂಗೆ ಇನ್ನೊಬ್ಬ ಮಾವ ಬೇಕು" ಎಂದರು. "ಇರೋನು ನಾನೊಬ್ಬನೇ. ಬಾ, ಟಾರ್ಪಾಲಿನ ಆ ತುದಿ ಹಿಡಿ."