ಅತ್ತೆ ಬರುವ ಬಾಗಿಲು

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸುತ್ತೇನೆ. ಚನ್ನಗಿರಿಯ ಲೋಕಲ್ ಕೇಬಲ್ ಚಾನೆಲ್ಲಿನ ಕಂಟ್ರೋಲ್ ರೂಮ್ ನೋಡಿಕೊಳ್ತೀನಿ ಅಂದರೆ, "ಓಹೋ, ನ್ಯೂಸ್ ಓದೋರಾ?" ಅನ್ನುತ್ತಾರೆ. ಅಲ್ರೀ! ಓದುವವಳ ಮುಖ ನೀಲಿಗೆ ತಿರುಗದಂತೆ, ದನಿ ಒಡೆಯದಂತೆ ಕಾಯುವವಳು ನಾನು. ಅವಳು ಕಾಣುತ್ತಾಳೆ, ನಾನು ಕಾಣುವುದಿಲ್ಲ. ಎಲ್ಲ ಸರಿಯಿದ್ದ ದಿನ ನಾನೊಬ್ಬಳು ಇದ್ದೇನೆ ಅಂತಲೇ ಯಾರಿಗೂ ನೆನಪಾಗುವುದಿಲ್ಲ. ಕೆಟ್ಟ ದಿನ ಮಾತ್ರ ಬಸವಾಪಟ್ಟಣದಿಂದ ಫೋನ್ ಬರುತ್ತದೆ: "ಏನ್ರೀ, ಟಿವಿ ನಿಂತೋಗೈತೆ, ಮಲ್ಕೊಂಡೀರೇನು?"

ಹೊನ್ನಾಳಿಯ ಒಂದು ರಿಪೇರಿ ಅಂಗಡಿಯಲ್ಲಿ ಟಿವಿ ಬಿಚ್ಚುವುದು, ಬೆಸುಗೆ ಹಾಕುವುದು ಕಲಿತು ಈ ರೂಮಿಗೆ ಬಂದವಳು ನಾನು. ಬಂದು ಹದಿನೈದು ವರ್ಷ ಆಯಿತು. ಕಿಟಕಿ ಇಲ್ಲದ ರೂಮು, ಮಿಷನ್ನುಗಳಿಗೋಸ್ಕರ ಸದಾ ಓಡುವ ಎಸಿ, ಬೇಸಿಗೆಯಲ್ಲೂ ಹೆಗಲ ಮೇಲೆ ಶಾಲು. ಹೋದ ವರ್ಷ ಒಂದು ದಿನ ನಮ್ಮ ಮಾಲೀಕರು ಬಾಗಿಲಲ್ಲೇ ನಿಂತು ಹೇಳಿದರು: "ನೋಡಮ್ಮ, ಇನ್ಮೇಲೆ ಎಲ್ಲಾ ಇಂಟರ್‌ನೆಟ್ ಮೇಲೆ ಹೋಗ್ತೈತೆ. ಲೈವ್ ಮಾಡಾಕೆ ಬರೋರು, ಸರ್ಟಿಫಿಕೇಟ್ ಇರೋರು ಒಬ್ರು ಇದ್ರೆ ಈ ರೂಮ್ ಇಟ್ಕೋತೀನಿ. ಇಲ್ಲಾಂದ್ರೆ ದಾವಣಗೆರೆಯಿಂದಲೇ ಸಿಗ್ನಲ್ ತಗಂಡು ಇದಕ್ಕೆ ಬೀಗ ಹಾಕ್ತೀನಿ." ಈ ರೂಮು ಹೋದರೆ ನಾನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಮದುವೆ ಆಗಲಿಲ್ಲ, ಅದರ ಕಥೆ ಇಲ್ಲಿ ಬೇಡ. ಅಪ್ಪ ಅಮ್ಮ ಇಲ್ಲ. ನ್ಯಾಮತಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ತಮ್ಮ ಒಬ್ಬನೇ ನನಗೆ ನನ್ನವನು ಅಂತ ಇರುವುದು.

ಹಾಗೆ ಸೇರಿಕೊಂಡದ್ದು ಆ ಆನ್‌ಲೈನ್ ಕೋರ್ಸಿಗೆ. ಟಿವಿ ಪ್ರಸಾರದ ಎಂಜಿನಿಯರುಗಳಿಗಾಗಿಯೇ ಮಾಡಿದ ತರಬೇತಿ, ಇಂಗ್ಲಿಷಿನಲ್ಲಿ. ಬೆಳಿಗ್ಗೆ ಆರೂವರೆಗೆ ಕ್ಲಾಸು. ಪರದೆ ತುಂಬ ಕಪ್ಪು ಚೌಕಗಳು, ಒಳಗೆ ಬರೀ ಹೆಸರುಗಳು. ಜಗತ್ತಿಗೆಲ್ಲ ಚಿತ್ರ ತೋರಿಸುವ ಕಸುಬಿನವರು, ಒಬ್ಬರಾದರೂ ತಮ್ಮ ಕ್ಯಾಮರಾ ಹಾಕಬೇಕಲ್ಲ! ನಾನೂ ಹಾಕಲಿಲ್ಲ ಬಿಡಿ. ಶಾಲು ಹೊದ್ದು ಚಹಾ ಕುಡಿಯುತ್ತ ಕೂತ ನನ್ನನ್ನು ಯಾರು ನೋಡಬೇಕಾಗಿತ್ತು? ಪಾಠ ಹೇಳುವ ಸಾರ್ ಎಲ್ಲಿಯವರೋ, ದನಿ ಮಾತ್ರ ಗೊತ್ತು. ಮೊದಲ ವಾರ ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಆಮೇಲೆ ರೆಕಾರ್ಡಿಂಗ್ ಹಾಕಿಕೊಂಡು, ನಿಲ್ಲಿಸಿ, ಹಿಂದೆ ತಿರುಗಿಸಿ, ನೋಟ್ಸು ಬರೆದು ಹಟಕ್ಕೆ ಬಿದ್ದು ಕಲಿತೆ. ಇಪ್ಪತ್ತು ವರ್ಷದ ಹುಡುಗರಿಗೆ ಬರುವುದು ನನಗೆ ಬರಬಾರದೇನು?

ಕ್ಲಾಸು ಮುಗಿದ ಕೂಡಲೇ ಚೌಕಗಳು ಪಟಪಟ ಮಾಯವಾಗುತ್ತಿದ್ದವು. ಹೋಗಿಬರ್ತೀನಿ ಅನ್ನುವ ಮಾತೂ ಇಲ್ಲ. ನಾನು ಮಾತ್ರ ಯಾಕೋ ಕೊನೆಯವರೆಗೂ ಇರುತ್ತಿದ್ದೆ. ಒಮ್ಮೆ ನಾನು, ಸಾರ್, ಇಬ್ಬರೇ ಉಳಿದಾಗ ಅವರು "ಏನಾದರೂ ಪ್ರಶ್ನೆ ಇದೆಯೇ?" ಅಂದರು. ನನ್ನ ಹತ್ತಿರ ಪ್ರಶ್ನೆ ಇರಲಿಲ್ಲ. ಆದರೂ ಗಡಬಡಿಸಿ ಒಂದು ಹುಟ್ಟಿಸಿ ಟೈಪ್ ಮಾಡಿದೆ. "ಒಳ್ಳೆಯ ಪ್ರಶ್ನೆ" ಅಂದರು. ಆ ದಿನವೆಲ್ಲ ಅದನ್ನೇ ಮೆಲುಕು ಹಾಕುತ್ತ ಇದ್ದೆ. ಸಂಜೆ ಮನೆಗೆ ಹೋಗಿ ಅನ್ನಕ್ಕಿಡುವಾಗ, "ಥೂ ನಿನ್ನ, ಇಷ್ಟಕ್ಕೆಲ್ಲ ಹಿಗ್ಗೋ ಗತಿ ಬಂತಲ್ಲೇ" ಅಂತ ನನಗೆ ನಾನೇ ಬೈದುಕೊಂಡೆ.

ಆ ಸಾರ್ ದಿನಾ ಹೇಳುತ್ತಿದ್ದ ಮಾತು ಒಂದೇ: ಚಿತ್ರ ನೋಡಬೇಡಿ, ಮೀಟರ್ ನೋಡಿ. ನೀವು ಪ್ರೇಕ್ಷಕರಲ್ಲ. ದನಿಯ ಮೀಟರಿನಲ್ಲಿ ಹಸಿರು ಇದ್ದರೆ ಸರಿ, ಹಳದಿ ಬಂದರೆ ಎಚ್ಚರ, ಕೆಂಪು ಮುಟ್ಟಿದರೆ ದನಿ ಒಡೆದ ಹಾಗೆ. ಕೆಂಪು ಕಾಣುವ ಮುಂಚೆಯೇ ಬೆರಳು ದನಿ ಇಳಿಸಿರಬೇಕು. ಇದು ನನಗೆ ಸಲೀಸಾಗಿ ಬಂತು. ಪ್ರೇಕ್ಷಕಿಯಾಗದೆ ಇರುವುದರಲ್ಲಿ ನನಗೆ ಮೊದಲಿನಿಂದಲೂ ಪಳಗಿದ ಕೈ.

ಕೊನೆಗೆ ಪ್ರಾಕ್ಟಿಕಲ್. ನಿಜವಾದ ಸಮಾರಂಭ ಒಂದನ್ನು ಒಬ್ಬರೇ ನಿಭಾಯಿಸಿ ಒಂದು ಗಂಟೆ ಲೈವ್ ಕೊಡಬೇಕು. ಸಾರ್ ಇದ್ದಲ್ಲಿಂದಲೇ ನೋಡುತ್ತಾರೆ. ನಡುವೆ ಪ್ರಸಾರ ಕಡಿದರೆ ಫೇಲು. ನನಗೆ ಸಿಕ್ಕ ದಿನ ನೋಡಿದರೆ ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನವೇ! ಚೊಚ್ಚಲ ಹೆರಿಗೆ, ಹಾಗಾಗಿ ಕಾರ್ಯ ಅವನ ಹೆಂಡತಿಯ ತವರು ಜಗಳೂರಿನಲ್ಲಿ. ತಮ್ಮನಿಗೆ ಫೋನ್ ಮಾಡಿ, "ಅದನ್ನೇ ಲೈವ್ ಮಾಡಲೇನೋ?" ಅಂದೆ. "ಮಾಡು ಅಕ್ಕ, ಸವಳಂಗದ ದೊಡ್ಡಮ್ಮಗೆ ಬರಾಕಾಗಲ್ಲ, ಫೋನಾಗೆ ನೋಡ್ತಾಳೆ. ಆದ್ರೆ ಹೆಸರು ಹೇಳಾಕೆ ನೀನೇ ಬೇಕು ಮತ್ತೆ" ಅಂದ. "ಏ ಹೋಗೋ, ಅಷ್ಟೂ ಗೊತ್ತಿಲ್ಲೇನು ನಂಗೆ?" ಅಂದೆ.

ಗೊತ್ತಿಲ್ಲದೆ ಏನು. ನಮ್ಮ ಕಡೆ ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ ಅದರ ಕಿವಿಯಲ್ಲಿ "ಕುರ್ರ್..." ಅಂದು ಮೊದಲ ಸಲ ಹೆಸರು ಹೇಳುವುದು ಸೋದರತ್ತೆ. ಹೇಳಿ ಮುಗಿಸುವುದಷ್ಟೇ ತಡ, ಸುತ್ತ ನಿಂತ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಚಿಕ್ಕವಳಿದ್ದಾಗ ಸಾಸ್ವೆಹಳ್ಳಿಯಲ್ಲಿ ಒಬ್ಬ ಅತ್ತೆ ಹೀಗೆ ಗುದ್ದಿಸಿಕೊಂಡು, "ಅಯ್ಯಯ್ಯೋ ಬಿಡ್ರೇ, ಸತ್ತೆ!" ಅಂತ ನಗುವುದನ್ನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಮದುವೆಯಾಗದ ನನ್ನನ್ನು ಆರತಿಗೆ ಕರೆಯುವುದಿಲ್ಲ, ಉಡಿ ತುಂಬಲು ಕರೆಯುವುದಿಲ್ಲ. ಕಾರ್ಯದ ಮನೆಗಳಲ್ಲಿ ಎಲೆ ಒರೆಸುತ್ತ ಹಿಂದೆ ಕೂತು ಅಭ್ಯಾಸವಾಗಿತ್ತು. ಆದರೆ ಅತ್ತೆಯ ಜಾಗ ಹುಟ್ಟಿನಿಂದ ಬಂದದ್ದು. ಅದನ್ನು ಯಾರೂ ಬೇಡ ಅನ್ನುವಂತಿಲ್ಲ. ನಿಜ ಹೇಳಬೇಕೆಂದರೆ, ಆ ಗುದ್ದುಗಳಿಗಾಗಿ ನಾನು ಕಾಯುತ್ತಿದ್ದೆ. ಯಾರಾದರೂ ನನ್ನ ಬೆನ್ನ ಮೇಲೆ ಕೈಯಿಟ್ಟು ಎಷ್ಟು ವರ್ಷ ಆಗಿತ್ತು, ಲೆಕ್ಕಕ್ಕೇ ಸಿಗದು.

ಹಿಂದಿನ ದಿನವೇ ಹೋಗಿ ಎಲ್ಲ ಅಣಿ ಮಾಡಿದೆ. ಪಡಸಾಲೆಯಲ್ಲಿ ಎರಡು ಕ್ಯಾಮರಾ. ಒಂದು ಅಲುಗಾಡದೆ ಇಡೀ ಪಡಸಾಲೆ ತೋರಿಸುವುದು. ಇನ್ನೊಂದು ಕೂತಲ್ಲಿಂದಲೇ ತಿರುಗಿಸಬಹುದಾದದ್ದು. ತೊಟ್ಟಿಲ ಕೊಂಡಿಗೆ ಒಂದು ಸಣ್ಣ ಮೈಕು. ಇಂಟರ್‌ನೆಟ್ಟಿಗೆ ಎರಡು ಬೇರೆ ಬೇರೆ ಸಿಮ್ಮು, ಒಂದು ಕೈಕೊಟ್ಟರೆ ಇನ್ನೊಂದು ಎಳೆಯಲಿ ಅಂತ. ನನ್ನ ಮೇಜು ಪಕ್ಕದ ಕೋಣೆಯಲ್ಲಿ, ಗದ್ದಲ ಬೇಡ ಅಂತ ಬಾಗಿಲು ಮುಂದೆ ಮಾಡಿದ್ದೆ. ಯಾವುದರ ಹಿಂದೆ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದು ಅಂಟಿಸಿಕೊಂಡೆ: ಗಂಗೆಪೂಜೆ, ತೊಟ್ಟಿಲ ಪೂಜೆ, ಆಮೇಲೆ "ಸೋದರತ್ತೆ ಬರುವುದು, ಎರಡನೇ ಕ್ಯಾಮರಾ, ಹತ್ತಿರದಿಂದ". ಅದನ್ನು ಬರೆಯುವಾಗ ನನ್ನ ಕೈ ಒಂದು ಚೂರೂ ತಡೆಯಲಿಲ್ಲ. ಗಳಿಗೆ ಬಂದಾಗ ಮೊದಲ ಕ್ಯಾಮರಾ ಹಾಕಿಟ್ಟು ಎರಡು ನಿಮಿಷ ಎದ್ದು ಹೋಗಿ ಬರುವುದು ಅಂತ ತಲೆಯಲ್ಲಿತ್ತು. ಹಾಳೆಯಲ್ಲಿ ಮಾತ್ರ ಬರೆದಿರಲಿಲ್ಲ.

ಶುರುವಾಯಿತು. ಹೆಡ್‌ಫೋನ್ ಹಾಕಿಕೊಂಡ ಮೇಲೆ ನಾನು ನಾನಾಗಿರಲಿಲ್ಲ. ದನಿ ಹಸಿರಲ್ಲಿತ್ತು, ಬಣ್ಣ ಸರಿಯಿತ್ತು, ಎರಡು ಸಿಮ್ಮೂ ಜೀವಂತ ಇದ್ದವು. ತಮ್ಮನ ಹೆಂಡತಿ ಮಗುವನ್ನು ಮಲಗಿಸಿದಳು. ಯಾರೋ ಹಿರಿಯರು, "ಗಳಿಗೆ ಬಂತು, ಎಲ್ಲಿ ಅತ್ತೆ? ಅತ್ತೆನ್ನ ಕರೀರಿ!" ಅಂದರು. ಹಾಳೆ ನೋಡಿದೆ. ಸೋದರತ್ತೆ ಬರುವುದು. ಎರಡನೇ ಕ್ಯಾಮರಾ ತಿರುಗಿಸಿ ಪಡಸಾಲೆಯ ಬಾಗಿಲಿಗೆ ಹಿಡಿದೆ. ಫೋಕಸ್ ಮಾಡಿದೆ. ಅದನ್ನು ಪ್ರಸಾರಕ್ಕೆ ಕೊಟ್ಟೆ. ಬಾಗಿಲು ಖಾಲಿ ಇತ್ತು. "ಎಲ್ಲಿ ಹೋದಳಪ್ಪ ಈಕೆ, ಗಳಿಗೆ ಮೀರಾಕೆ ಬಂದೈತೆ" ಅಂತ ನನಗೆ ಸಿಟ್ಟೂ ಬಂತು.

ಅಯ್ಯೋ ದೇವರೇ, ಅದು ನಾನೇ ಅಂತ ಹೊಳೆಯಲು ಎಷ್ಟು ಹೊತ್ತು ಹಿಡಿಯಿತು! ಹೆಡ್‌ಫೋನ್ ಕಿತ್ತು ಅರ್ಧ ಎದ್ದೆ. ಅದೇ ಹೊತ್ತಿಗೆ ಒಂದು ಸಿಮ್ ಸತ್ತಿತು. ಪರದೆಯ ಮೇಲೆ ವೇಗದ ಅಂಕಿ ಸರಸರ ಇಳಿಯತೊಡಗಿತು. ಎದ್ದು ಹೋದರೆ ಪ್ರಸಾರ ಕಡಿಯುತ್ತದೆ, ಹದಿನೈದು ವರ್ಷದ ರೂಮಿಗೆ ಬೀಗ ಬೀಳುತ್ತದೆ. ಕೂತೆ. ಚಿತ್ರದ ಗುಣಮಟ್ಟ ಇಳಿಸಿದೆ, ಉಳಿದ ಸಿಮ್ಮಿನ ಮೇಲೆ ಪೂರ್ತಿ ಭಾರ ಹಾಕಿದೆ. "ಒಂದು ನಿಮಿಷ ತಡೀರೋ!" ಅಂತ ಕೂಗಿದೆ. ಮುಂದೆ ಮಾಡಿದ ಬಾಗಿಲು, ಅಷ್ಟೊಂದು ಹೆಂಗಸರ ಗದ್ದಲ, ಯಾರಿಗೆ ಕೇಳಿಸಬೇಕು? ಹೆಡ್‌ಫೋನ್ ಮತ್ತೆ ಏರಿಸಿಕೊಳ್ಳುವಷ್ಟರಲ್ಲಿ ತಮ್ಮನ ಹೆಂಡತಿಯ ದೊಡ್ಡಮ್ಮನ ಮಗಳೊಬ್ಬಳು ತೊಟ್ಟಿಲಿಗೆ ಬಗ್ಗಿದ್ದಳು. "ಕುರ್ರ್..." ಅಂದದ್ದು ನನ್ನ ಕಿವಿಯಲ್ಲೇ ಅಂದ ಹಾಗೆ ಕೇಳಿಸಿತು. ಆಮೇಲೆ ದಬ, ದಬ, ದಬ. ಮೀಟರು ಕೆಂಪಿಗೆ ಹೋಯಿತು. ಇಳಿಸುವ ಗುಂಡಿಯ ಮೇಲೆ ನನ್ನ ಬೆರಳು ಇತ್ತು. ನಾನು ಇಳಿಸಲಿಲ್ಲ.

ಪ್ರಸಾರ ಒಂದು ಕ್ಷಣವೂ ಕಡಿಯಲಿಲ್ಲ. ಮುಗಿಸಿ ಹೊರಗೆ ಬಂದಾಗ ಎಲೆ ಹಾಕಿದ್ದರು. ತಮ್ಮ ನನ್ನ ಮುಖ ನೋಡದೆ, "ಬರ್ತೀನಿ ಅಂದಿದ್ಯಲ್ಲ ಅಕ್ಕ" ಅಂದ. "ಎರಡು ನಿಮಿಷ ಕಾಯಾಕೆ ಆಗ್ಲಿಲ್ಲೇನೋ ನಿಮಗೆ?" ಅಂತ ರೇಗಿದೆ. "ಕಾದ್ವಿ ಅಕ್ಕ. ಎಲ್ರೂ ಬಾಗಿಲ ಕಡೆನೇ ನೋಡ್ತಿದ್ವಿ" ಅಂದ. ಅವನ ಹೆಂಡತಿ ಪಾಪ, "ಅಕ್ಕ, ಚಿತ್ರ ಭಾಳ ಚೆನ್ನಾಗಿ ಬಂತಂತೆ, ಸವಳಂಗದಿಂದ ಫೋನ್ ಬಂದಿತ್ತು" ಅಂತ ಹೋಳಿಗೆ ಬಡಿಸಿದಳು. ಮಗು ಮಲಗಿತ್ತು. ಎಬ್ಬಿಸಬಾರದು ಅಂತ ಹತ್ತಿರ ಹೋಗಲಿಲ್ಲ. ಸಾಮಾನು ಕಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ಚನ್ನಗಿರಿಯವರೆಗೂ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಮೂರನೇ ದಿನ ಮೌಖಿಕ ಪರೀಕ್ಷೆ. ಅವತ್ತು ಕ್ಯಾಮರಾ ಹಾಕಲೇಬೇಕು ಅಂದರು. ಸಾರ್ ಮುಖ ಮೊದಲ ಸಲ ನೋಡಿದೆ. ಬೋಳುತಲೆ, ದಪ್ಪ ಕನ್ನಡಕ, ಹಿಂದೆ ಒಂದು ಹೂಕುಂಡ. ಸಿಮ್ ಸತ್ತಾಗ ನಿಭಾಯಿಸಿದ್ದನ್ನು ಬಾಯಿತುಂಬ ಹೊಗಳಿದರು. ಖಾಲಿ ಬಾಗಿಲಿನ ಶಾಟು ಕೂಡ ಅವರಿಗೆ ಹಿಡಿಸಿತ್ತು. ನೋಡುವವರಲ್ಲಿ ನಿರೀಕ್ಷೆ ಹುಟ್ಟಿಸುತ್ತದೆ ಅಂದರು. ಆಮೇಲೆ ಕೇಳಿದರು: "ಇಡೀ ಗಂಟೆಯಲ್ಲಿ ಒಂದೇ ಕಡೆ ದನಿ ಕೆಂಪಿಗೆ ಹೋಗಿದೆ. ಅದೇನು ಸದ್ದು?"

ಅದನ್ನು ಇಂಗ್ಲಿಷಿನಲ್ಲಿ ಹೆಂಗೆ ಹೇಳುವುದು? ತೋಚಿದ ಹಾಗೆ ಶುರು ಮಾಡಿದೆ. ನಮ್ಮಲ್ಲಿ ಆಂಟಿ ಹೆಸರು ಹೇಳುತ್ತಾರೆ, ಲೇಡೀಸ್ ಎಲ್ಲ ಆಂಟಿಗೆ ಬೀಟಿಂಗ್ ಮಾಡುತ್ತಾರೆ ಅಂದೆ. ಸಾರ್ ಗಾಬರಿಯಾದರು. "ಬೀಟಿಂಗ್?" "ಹ್ಯಾಪಿ ಬೀಟಿಂಗ್ ಸಾರ್" ಅಂದೆ. ಅವರು ಜೋರಾಗಿ ನಕ್ಕರು. ನಾನೂ ನಕ್ಕೆ. ನಗುತ್ತಲೇ, "ಆ ಅದೃಷ್ಟವಂತೆ ಆಂಟಿ ಯಾರು?" ಅಂದರು.

"ನಾನೇ ಸಾರ್" ಅಂದೆ.

ಅವರ ನಗು ನಿಂತಿತು. ರೆಕಾರ್ಡಿಂಗ್ ಅನ್ನು ಮತ್ತೊಮ್ಮೆ ನೋಡಿದರು ಅಂತ ಕಾಣುತ್ತದೆ, ಕಣ್ಣುಗಳು ಅತ್ತಿತ್ತ ಆಡಿದವು. "ಆದರೆ ಇಲ್ಲಿ ನೀವು ಇಲ್ಲವಲ್ಲ" ಅಂದರು. "ಇಲ್ಲ ಸಾರ್. ನಾನು ಮೀಟರ್ ನೋಡ್ತಿದ್ದೆ." ಆಮೇಲೆ, ಮೊದಲಿಗಿಂತ ಮೆಲ್ಲಗೆ, ನೀವು ಪಾಸಾಗಿದ್ದೀರಿ, ಆ ಕೆಂಪಿಗೆ ಒಂದು ಕಾರಣ ತುಂಬಿ ಕಳಿಸಿಬಿಡಿ ಅಂದರು. ಅವರ ಚೌಕ ಹೋಯಿತು. ಫಾರಂ ಬಂತು.

ಕಾರಣವನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಮೂರು ಆಯ್ಕೆ ಕೊಟ್ಟಿದ್ದರು: ಉಪಕರಣದ ದೋಷ, ಸಂಪರ್ಕದ ದೋಷ, ಎಂಜಿನಿಯರ್ ತಪ್ಪು. ಉಪಕರಣ ಸರಿಯಿತ್ತು. ಸಂಪರ್ಕವೂ ಕೊನೆತನಕ ಕಡಿದಿರಲಿಲ್ಲ. ಮೂರನೆಯದನ್ನು ಒತ್ತಿದೆ.