ಪದ್ಮಾಳ ನಾಲ್ಕು ಪಟ್ಟು

ಆಗೆಲ್ಲ ಆದವಾನಿಯ ನಮ್ಮ ಓಣಿಗೆ ಚಳಿಗಾಲ ಬಂತೆಂದರೆ ಹತ್ತಿಬಂಡಿಗಳು ಬಂದವೆಂದೇ ಲೆಕ್ಕ. ಜಿನ್ನಿಂಗ್ ಮಿಲ್ಲಿನಿಂದ ಹಾರಿಬಂದ ಎಳೆಗಳು ಒಣಹಾಕಿದ ಬಟ್ಟೆಗೆ ಅಂಟುತ್ತಿದ್ದವು, ಗಾಳಿಗೆ ಹತ್ತಿಕಾಳು ಹಿಂಡಿಯ ವಾಸನೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದ ಆ ವರ್ಷ, ಮಾಧವರಂನಿಂದ ದೊಡ್ಡಮ್ಮನ ಮಗಳು ಪದ್ಮಾ ನಮ್ಮ ಮನೆಯಲ್ಲಿದ್ದು ಓದಲು ಬಂದು ನನ್ನ ತರಗತಿಗೇ ಸೇರಿದಳು. ಅಲ್ಲಿಯವರೆಗೆ ಲೆಕ್ಕದಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ.

ವಿಜ್ಞಾನದ ಸರ್ ಚಲನ ಶಕ್ತಿಯ ಪಾಠ ಮಾಡುತ್ತ, ಬಂಡಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಷ್ಟಾಗುತ್ತದೆಂದು ಕೇಳಿದರು. ಎರಡು ಪಟ್ಟು ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ನಾನು. ಪದ್ಮಾ ಮೆಲ್ಲಗೆ, "ನಾಕು ಪಟ್ಟು ಆಗ್ತೈತ್ರಿ ಸರ್," ಎಂದಳು. ಸರ್ ಅವಳನ್ನು ಬೋರ್ಡಿಗೆ ಕರೆದರು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ ತೋರಿಸಿದಳು. ಎರಡು ಕಿಲೋದ ಕಲ್ಲು ಸೆಕೆಂಡಿಗೆ ಮೂರು ಮೀಟರ್ ಹೋದರೆ ಒಂಬತ್ತು ಜೌಲ್, ಆರು ಮೀಟರ್ ಹೋದರೆ ಮೂವತ್ತಾರು. ಸರ್ ಯಾರನ್ನೂ ಅಷ್ಟು ಹೊಗಳಿದ್ದನ್ನು ನಾನು ಕೇಳಿರಲಿಲ್ಲ.

ಸುದ್ದಿ ಮನೆಗೂ ಮುಟ್ಟಿತು. ಸಂಜೆ ಮಂಡಕ್ಕಿಯ ಉಗ್ಗಾಣಿ ಬಡಿಸುವಾಗ ಅವ್ವ ಎಲ್ಲಕ್ಕಿಂತ ದೊಡ್ಡ ಮೆಣಸಿನಕಾಯಿ ಬಜ್ಜಿಯನ್ನು ಅವಳ ತಟ್ಟೆಗೆ ಹಾಕಿದಳು. ನಾನು ಉಗ್ಗಾಣಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಪುಸ್ತಕದ ಲೆಕ್ಕ ರಸ್ತೆಯಲ್ಲಿ ನಡೆಯುವುದಿಲ್ಲ ಎಂದು ಮರುದಿನ ಜಗಳ ತೆಗೆದೆ. ಅಣ್ಣನ ಸೈಕಲ್ ತಳ್ಳಿಕೊಂಡು ಇಬ್ಬರೂ ಗುಡ್ಡದ ಕಡೆಯ ಇಳಿಜಾರಿಗೆ ಹೋದೆವು. ಪದ್ಮಾ ಸೈಕಲ್ ಹತ್ತಿ ಮೆಲ್ಲಗೆ ಇಳಿಜಾರು ಇಳಿದು, ಕೆಳಗಿನ ಬೇವಿನ ಮರದ ಹತ್ತಿರ ಬ್ರೇಕ್ ಹಿಡಿದಳು. ಸೈಕಲ್ ಸ್ವಲ್ಪ ದೂರಕ್ಕೇ ನಿಂತಿತು. ನಾನು ಇದರ ಎರಡರಷ್ಟು ಜೋರಾಗಿ ಬಂದು ಎರಡರಷ್ಟು ದೂರದಲ್ಲಿ ನಿಲ್ಲಿಸುತ್ತೇನೆ ಎಂದೆ. ಬೇಡವೆಂದಳು, ನಾನು ಕೇಳಲಿಲ್ಲ. ಅದೇ ಮರದ ಹತ್ತಿರ ಬ್ರೇಕ್ ಹಿಡಿದರೂ ಸೈಕಲ್ ನಾನೆಣಿಸಿದ ಜಾಗ ದಾಟಿ ಜಾರುತ್ತಲೇ ಹೋಗಿ, ನಿಂತಿದ್ದ ಹತ್ತಿಬಂಡಿಗೆ ಗುದ್ದಿತು. ಹತ್ತಿಯ ಮೂಟೆಗಳು ತಲೆ ಉಳಿಸಿದವು, ಮೊಣಕಾಲಿನ ಚರ್ಮ ಮಾತ್ರ ಕಿತ್ತುಹೋಯಿತು.

ಪದ್ಮಾ ಓಡಿಬಂದು ಲಂಗದ ತುದಿಯಿಂದ ರಕ್ತ ಒರೆಸಿದಳು. "ಶಕ್ತಿ ನಾಕು ಪಟ್ಟು ಇತ್ತಲ್ಲ, ಅಷ್ಟನ್ನೂ ಬ್ರೇಕು ತಿನ್ನಾಕ ನಾಕು ಪಟ್ಟು ದೂರ ಬೇಕು," ಎಂದಳು.

ಲೆಕ್ಕ ಆಗಲೇ ತಲೆಗಿಳಿಯಿತು. ಆದರೆ ನನ್ನ ಮೊಣಕಾಲೂ ಅವಳ ಪರವೇ ಸಾಕ್ಷಿ ಹೇಳಿತಲ್ಲ ಎಂಬ ಉರಿ, ಗಾಯದ ಉರಿಗಿಂತ ಹೆಚ್ಚಾಗಿತ್ತು. ನನ್ನ ಪಾಡು ನೋಡಿ ಯಾಕೆ ನಗಲಿಲ್ಲವೆಂದು ಅವಳನ್ನು ಕೇಳಿದೆ.

"ನಿನಗೇನರ ಆದ್ರ ನಾ ಯಾರ ಜೋಡಿ ಲೆಕ್ಕ ಮಾಡ್ಲಿ?" ಎಂದಳು.

ಅಂದಿನಿಂದ ಅವಳಿಗಿಂತ ಮೊದಲೇ ಎದ್ದು ಲೆಕ್ಕ ಬಿಡಿಸತೊಡಗಿದೆ. ಪರೀಕ್ಷೆಯಲ್ಲಿ ಆ ಪಾಠಕ್ಕೆ ಇಬ್ಬರಿಗೂ ಪೂರ್ತಿ ಅಂಕ ಬಂತು. ನನ್ನದಕ್ಕೆ ಅವಳು ಹಿಗ್ಗಿದಳು, ಅವಳದಕ್ಕೆ ನಾನು ಹಿಗ್ಗಲಿಲ್ಲ. ಬೇಸಿಗೆಯಲ್ಲಿ ದೊಡ್ಡಪ್ಪ ಅವಳನ್ನು ಹೊಳೆಯಾಚೆ ರಾಯಚೂರಿನ ಶಾಲೆಗೆ ಸೇರಿಸಿದರು. ಹತ್ತನೆಯದರಲ್ಲಿ ನಾನೇ ಮೊದಲು ಬಂದೆ. ಎರಡನೆಯವಳು ಬಹಳ ಹಿಂದಿದ್ದಳು.

ಈಗ ಮದುವೆಗಳಲ್ಲಿ ಸಿಕ್ಕಾಗ ಒಬ್ಬರ ಸೀರೆಯನ್ನೊಬ್ಬರು ಮನಸಾರೆ ಹೊಗಳುತ್ತೇವೆ. ಆ ಹೊಟ್ಟೆಕಿಚ್ಚು ಯಾವಾಗ ಆರಿತೋ ತಿಳಿಯದು. ಅವಳನ್ನು ಮೀರಲೆಂದೇ ಹುಟ್ಟಿದ್ದ, ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಳ್ಳದೆ ಬಿಡಬಾರದೆಂಬ ನನ್ನ ಹಟವೂ ಅದರ ಜೊತೆಗೇ ಆರಿಹೋಗಿದೆ.